ನಿಘಂಟುಕಾರನ ಮಗಳು

೧೮೬೨ನೆಯ ಇಸವಿ ಜುಲೈ ತಿಂಗಳ ೪ನೆಯ ತಾರೀಖು ಆಕ್ಸ್‌ಫರ್ಡಿನ ಫಾಲಿ ಸೇತುವೆಯ ಬಳಿಯಿಂದ ಒಂದು ಸಣ್ಣ ದೋಣಿ ಥೇಮ್ಸ್ ನದಿಯ ಮೇಲ್ದಿಕ್ಕಿಗೆ ಹೊರಟಿತು. ಹುಟ್ಟು ಹಾಕುತ್ತಿದ್ದವರು ಇಬ್ಬರು. ಒಬ್ಬ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಚಾರ್ಲ್ಸ್ ಡಾಡ್ಜ್‌ಸನ್. ಇನ್ನೊಬ್ಬ ಅವನ ಸ್ನೇಹಿತ ರಾಬಿನ್‌ಸನ್ ಡಕ್‌ವರ್ತ್. ದೋಣಿಯಲ್ಲಿ ಕುಳಿತಿದ್ದವರು ಆ ಕಾಲೇಜಿನ ಡೀನನ ಮೂವರು ಹೆಣ್ಣುಮಕ್ಕಳು: ಲೊರೀನಾ, ಆಲಿಸ್, ಈಡಿತ್. ಗಾಡ್‌ಸ್ಟೊ ಎಂಬ ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಮಕ್ಕಳು ಕಥೆ ಕೇಳಿದರು, ಡಾಡ್ಜ್‌ಸನ್ ಬಾಯಿಗೆ ಬಂದಂತೆ ಒಂದು ಕಥೆ ಕಟ್ಟಿದ. ಹತ್ತು ವರ್ಷದ ಆಲಿಸ್ ಅದನ್ನು ಬರೆದುಕೊಡಬೇಕೆಂದು ಹಟ ಹಿಡಿದಳು. ೧೮೬೪ರ ನವೆಂಬರಿನಲ್ಲಿ ಕೈಬರಹದ ಪ್ರತಿ ಅವಳ ಕೈಸೇರಿತು. ಮಾರನೆಯ ವರ್ಷ ಅದೇ ಕಥೆ ಬೆಳೆದು, ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಅಚ್ಚಾಗಿ, ಲೋಕಕ್ಕೆಲ್ಲ ದೊರಕಿತು.

ಇಷ್ಟು ಸಂಗತಿ ಇಂಗ್ಲಿಷ್ ಓದಿದ ಬಹುಮಂದಿಗೆ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ ಆ ಹುಡುಗಿಯ ತಂದೆ ಯಾರೆಂಬುದು. ಡೀನ್ ಹೆನ್ರಿ ಜಾರ್ಜ್ ಲಿಡೆಲ್ ನಿಘಂಟುಕಾರ. ರಾಬರ್ಟ್ ಸ್ಕಾಟ್ ಎಂಬ ವಿದ್ವಾಂಸನ ಜೊತೆಗೂಡಿ ಅವನು ಸಿದ್ಧಪಡಿಸಿದ ಗ್ರೀಕ್–ಇಂಗ್ಲಿಷ್ ನಿಘಂಟು ೧೮೪೩ರಲ್ಲಿ ಹೊರಬಂತು. ಕನ್ನಡದವರಿಗೆ ‘ಕಿಟ್ಟೆಲ್’ ಎಂದರೆ ಮನುಷ್ಯನಿಗಿಂತ ಮೊದಲು ೧೮೯೪ರ ಆ ದಪ್ಪ ಕೋಶ ಕಣ್ಣೆದುರು ಬರುವ ಹಾಗೆ, ಗ್ರೀಕ್ ಕಲಿಯುವವರಿಗೆ ಇವತ್ತಿಗೂ ‘ಲಿಡೆಲ್ ಅಂಡ್ ಸ್ಕಾಟ್’ ಎಂದರೆ ಪುಸ್ತಕವೇ. ಮೊದಲ ಆವೃತ್ತಿ ಬಂದ ಮೇಲೂ ಲಿಡೆಲ್ ಸುಮ್ಮನೆ ಕೂರಲಿಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಅದನ್ನು ತಿದ್ದಿದ. ಎಂಟನೆಯ ಆವೃತ್ತಿ ಬಂದದ್ದು ೧೮೯೭ರಲ್ಲಿ, ಅವನು ತೀರಿಕೊಳ್ಳುವ ಹಿಂದಿನ ವರ್ಷ. ಶಬ್ದಕ್ಕೆ ಅರ್ಥ ನಿಲ್ಲಿಸುವುದೇ ಬಾಳಿನ ಕಸುಬಾದವನ ಮನೆಯಲ್ಲಿ ಹುಟ್ಟಿದ ಹುಡುಗಿಯನ್ನು, ಯಾವ ಶಬ್ದವೂ ಹಾಕಿದ ಜಾಗದಲ್ಲಿ ನಿಲ್ಲದ ಒಂದು ಲೋಕಕ್ಕೆ, ಮೊಲದ ಬಿಲದೊಳಗಿಂದ ಬೀಳಿಸಿದವನು ಅದೇ ಕಾಲೇಜಿನ ಗಣಿತದ ಮೇಷ್ಟರು. ಇದು ಬೇಕೆಂದೇ ಮಾಡಿದ ಚೇಷ್ಟೆಯೋ ಏನೋ, ಹೇಳುವುದು ಕಷ್ಟ. ಆದರೆ ಈ ಪುಸ್ತಕದಿಂದ ಇಂಗ್ಲಿಷ್ ಶಬ್ದ ಕಲಿಯಲು ಹೊರಡುವವರು ಈ ಸಂಬಂಧವನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು ಎಂದು ನನ್ನ ಅನುಭವ.

ಅನುಭವ ಎಂದೆ. ಪಿ.ಯು.ಸಿ. ಓದುವಾಗ ನಾನು ಇಂಗ್ಲಿಷ್ ಕಲಿಯಲು ಹಿಡಿದ ದಾರಿ ಅದೇ ಆಗಿತ್ತು. ಹಳ್ಳಿಯ ಕನ್ನಡ ಶಾಲೆಯಿಂದ ಪಟ್ಟಣದ ಕಾಲೇಜಿಗೆ ಬಂದಿದ್ದೆ. ತರಗತಿಯಲ್ಲಿ ಒಂದು ದಿನ ಎದ್ದುನಿಂತು ಪಾಠ ಓದುವಾಗ ಒಂದು ಶಬ್ದವನ್ನು ಅಕ್ಷರ ಕೂಡಿಸಿಕೊಂಡು ತಪ್ಪಾಗಿ ಉಚ್ಚರಿಸಿದೆ. ಮೊದಲು ನಕ್ಕವರು ಅಧ್ಯಾಪಕರು. ಆಮೇಲೆ ಹುಡುಗರು ನಗಲು ಅಪ್ಪಣೆಯಾದ ಹಾಗಾಯಿತು. ಆ ವಾರವೇ ಗ್ರಂಥಾಲಯಕ್ಕೆ ಹೋಗಿ ಮಕ್ಕಳ ಪುಸ್ತಕವಾದ್ದರಿಂದ ಸುಲಭವಿರಬೇಕೆಂದು ‘ಆಲಿಸ್’ ತಂದುಕೊಂಡೆ. ಇನ್ನೂರು ಪುಟದ ಒಂದು ನೋಟುಪುಸ್ತಕ, ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಕೈನಿಘಂಟು ನೋಡಿ ಕನ್ನಡದ ಅರ್ಥ. ಮೊದಲ ಹತ್ತು ಪುಟ ತುಂಬುವಷ್ಟರಲ್ಲಿ ಒಂದು ವಿಚಿತ್ರ ಸಮಾಧಾನ ಸಿಕ್ಕಿತು. ಬಿಲದಲ್ಲಿ ಬೀಳುತ್ತ ಬೀಳುತ್ತಲೇ ಆ ಹುಡುಗಿ ‘ಲ್ಯಾಟಿಟ್ಯೂಡ್’ ಎನ್ನುತ್ತಾಳೆ, ‘ಲಾಂಜಿಟ್ಯೂಡ್’ ಎನ್ನುತ್ತಾಳೆ. ಅಕ್ಷಾಂಶವೆಂದರೇನು ರೇಖಾಂಶವೆಂದರೇನು ಅವಳಿಗೆ ತಿಲಮಾತ್ರವೂ ತಿಳಿಯದು. ಮಾತು ಭಾರಿಯಾಗಿದೆ, ಆಡಲು ಚೆನ್ನಾಗಿದೆ, ಅಷ್ಟೆ. ಭೂಮಿಯ ಆಚೆಬದಿಯ ನಾಡುಗಳಿಗೆ ಇಂಗ್ಲಿಷಿನವರು ಹೇಳುವ ‘ಆಂಟಿಪೊಡೀಸ್’ ಎಂಬ ಮಾತು ಅವಳ ಬಾಯಲ್ಲಿ ‘ಆಂಟಿಪಥೀಸ್’ ಆಗಿಬಿಡುತ್ತದೆ. ಹಾಗೆಂದರೆ ಹಗೆತನ, ಒಲ್ಲದ ಭಾವ. ಇಂಗ್ಲೆಂಡಿನಲ್ಲಿ ಹುಟ್ಟಿದ, ಅದರಲ್ಲೂ ನಿಘಂಟುಕಾರನ ಮಗಳೇ ಹೀಗೆ ತಪ್ಪಬಹುದಾದರೆ ನಾನು ತಪ್ಪಿದ್ದರಲ್ಲಿ ಏನು ಹೆಚ್ಚು? ಕ್ಯಾರಲ್ ಅವಳನ್ನು ನೋಡಿ ನಗುತ್ತಾನೆ, ನಿಜ. ಆದರೆ ಅವಳ ಪಕ್ಕದಲ್ಲಿ ಕುಳಿತು ನಗುತ್ತಾನೆ.

ನೋಟುಪುಸ್ತಕದ ಕಥೆಗೆ ಬರೋಣ. ಕಣ್ಣೀರಿನ ಕೊಳದಲ್ಲಿ ತೊಯ್ದ ಪ್ರಾಣಿಗಳೆಲ್ಲ ಮೈ ಒಣಗಲೆಂದು ಒಂದು ಓಟ ಓಡುತ್ತವೆ. ಎಲ್ಲರೂ ಗೆದ್ದರೆಂದು ತೀರ್ಮಾನವಾಗುತ್ತದೆ. ಬಹುಮಾನವಾಗಿ ಆಲಿಸ್ ತನ್ನ ಜೇಬಿನಲ್ಲಿದ್ದ ‘ಕಾಂಫಿಟ್’ಗಳನ್ನು ಹಂಚುತ್ತಾಳೆ. ನಿಘಂಟು ನೋಡಿ ‘ಮಿಠಾಯಿ’ ಎಂದು ಬರೆದುಕೊಂಡೆ. ಎಷ್ಟೋ ವರ್ಷದ ಮೇಲೆ ತಿಳಿಯಿತು, ಕಾಂಫಿಟ್ ಎಂದರೆ ಯಾವುದೋ ಮಿಠಾಯಿಯಲ್ಲ. ಒಂದು ಬೀಜವನ್ನೋ ಕಾಯನ್ನೋ ನಡುವೆ ಇಟ್ಟು ಮೇಲೆ ಸಕ್ಕರೆಪಾಕದ ಕವಚ ಕೊಟ್ಟದ್ದು. ಅಯ್ಯೋ, ನಮ್ಮೂರ ಅಂಗಡಿಯ ಗಾಜಿನ ಭರಣಿಯಲ್ಲಿದ್ದ ಜೀರಿಗೆ ಪೆಪ್ಪರ್‌ಮೆಂಟು! ನಾನು ಬಾಲ್ಯದಲ್ಲಿ ಜೇಬಿನಲ್ಲಿಟ್ಟುಕೊಂಡು ಹಂಚಿದ ವಸ್ತುವನ್ನೇ ಆಲಿಸ್ ಹಂಚಿದ್ದಳು; ನಡುವೆ ನಿಂತ ನಿಘಂಟು ನಮ್ಮಿಬ್ಬರಿಗೂ ಪರಿಚಯವಾಗದ ಹಾಗೆ ನೋಡಿಕೊಂಡಿತು. ‘ಮಾಕ್ ಟರ್ಟ್‌ಲ್’ ಎಂಬ ಪ್ರಾಣಿಯ ವಿಷಯದಲ್ಲಂತೂ ನಿಘಂಟು ನನ್ನನ್ನು ಕೈಬಿಟ್ಟೇಬಿಟ್ಟಿತು. ಮಾಕ್ ಎಂದರೆ ಅಣಕ, ಟರ್ಟ್‌ಲ್ ಎಂದರೆ ಆಮೆ. ಕೂಡಿಸಿದರೆ ಅಣಕದ ಆಮೆ. ಕಡಲಾಮೆಯ ಸಾರು ಶ್ರೀಮಂತರ ಊಟ, ಕೈಗೆಟುಕದವರು ಕರುವಿನ ತಲೆಯಿಂದ ಅದರ ರುಚಿ ಬರಿಸಿ ‘ಮಾಕ್ ಟರ್ಟ್‌ಲ್’ ಸಾರು ಎನ್ನುತ್ತಿದ್ದರು ಎಂಬುದು ತಿಳಿಯದಿದ್ದರೆ, ಟೆನಿಯಲ್ ಬರೆದ ಚಿತ್ರದಲ್ಲಿ ಆಮೆಯ ಮೈಗೆ ಕರುವಿನ ತಲೆ ಏಕೆ ಬಂತೆಂದು ಯಾರೂ ಹೇಳಲಾರರು.

ಇನ್ನು ‘ಟ್ರೀಕಲ್’. ಚಹಾದ ಕೂಟದಲ್ಲಿ ನಿದ್ದೆಗಣ್ಣಿನ ಒಂದು ಪುಟ್ಟ ಪ್ರಾಣಿ ಕಥೆ ಹೇಳುತ್ತದೆ: ಮೂವರು ಅಕ್ಕತಂಗಿಯರು, ಟ್ರೀಕಲ್ಲಿನ ಬಾವಿಯೊಂದರ ತಳದಲ್ಲಿ ಅವರ ವಾಸ. ನಿಘಂಟು ಕೊಟ್ಟ ಅರ್ಥ ಕಾಕಂಬಿ. ಕಾಕಂಬಿ ಎಂದರೆ ಸಕ್ಕರೆ ಕಾರ್ಖಾನೆಯ ಹಿಂದೆ ಮೂಗು ಮುಚ್ಚಿಕೊಂಡು ಹೋಗಬೇಕಾದ ಪದಾರ್ಥ. ಅದರ ಬಾವಿಯಲ್ಲಿ ಹುಡುಗಿಯರು ಇರುವುದೆಂತು? ಟ್ರೀಕಲ್ ಬ್ರೆಡ್ಡಿಗೆ ಸವರಿ ತಿನ್ನುವ ವಸ್ತು, ನಮ್ಮ ಜೋನಿಬೆಲ್ಲಕ್ಕೆ ಹತ್ತಿರದ್ದು. ಜೋನಿಬೆಲ್ಲದ ಬಾವಿ ಎಂದ ಕೂಡಲೇ ಕಥೆ ಕೇಳುವ ಮಗುವಿನ ಬಾಯಲ್ಲಿ ನೀರೂರುತ್ತದೆ. ಆದರೆ ಶಬ್ದದ ಚರಿತ್ರೆ ಅಲ್ಲಿಗೂ ನಿಲ್ಲುವುದಿಲ್ಲ. ಈ ಮಾತಿನ ಮೂಲ ಗ್ರೀಕಿನ ‘ಥೇರಿಯಾಕೆ’. ಥೇರಿಯೋನ್ ಎಂದರೆ ಕಾಡುಮೃಗ, ಥೇರಿಯಾಕೆ ಎಂದರೆ ವಿಷಜಂತುಗಳ ಕಡಿತಕ್ಕೆ ಮದ್ದು. ಫ್ರೆಂಚರ ಬಾಯಲ್ಲಿ ಹಾದು ಇಂಗ್ಲಿಷಿಗೆ ಬಂದಾಗಲೂ ಅದು ಮದ್ದೇ ಆಗಿತ್ತು. ಮದ್ದನ್ನು ಸಿಹಿಪಾಕದಲ್ಲಿ ಕಲಸಿ ಕೊಡುತ್ತಿದ್ದರು. ಕಾಲ ಸರಿದ ಹಾಗೆ ಮದ್ದು ಮರೆತು ಪಾಕ ಉಳಿಯಿತು, ಹೆಸರು ಪಾಕಕ್ಕೇ ಅಂಟಿತು. ಆಕ್ಸ್‌ಫರ್ಡಿನ ಸಮೀಪದ ಬಿನ್ಸಿ ಎಂಬಲ್ಲಿ ಸಂತ ಮಾರ್ಗರೆಟ್ಟಳ ಇಗರ್ಜಿಯ ಪಕ್ಕ ಒಂದು ಬಾವಿಯಿದೆ. ಅದರ ನೀರಿಗೆ ಕಣ್ಣುಬೇನೆ ವಾಸಿಮಾಡುವ ಗುಣವಿದೆಯೆಂದು ಹಿಂದಿನವರು ನಂಬಿದ್ದರು. ಹಳೆಯ ಅರ್ಥದಲ್ಲಿ ಅದು ‘ಟ್ರೀಕಲ್ಲಿನ ಬಾವಿ’, ಮದ್ದಿನ ಬಾವಿ. ದೋಣಿಯಲ್ಲಿದ್ದ ಮಕ್ಕಳಿಗೆ ಆ ಬಾವಿ ಗೊತ್ತಿದ್ದ ಸ್ಥಳ. ಕಥೆಯ ಮೂವರು ಅಕ್ಕತಂಗಿಯರೂ ಅವರೇ. ಅವರಲ್ಲೊಬ್ಬಳ ಹೆಸರು ಲೇಸಿ, ಆಲಿಸ್ ಎಂಬ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದು ಮಾಡಿದ್ದು. ವಿಷದ ಮದ್ದಿನ ಆ ಗ್ರೀಕ್ ಮಾತು ಅಪ್ಪನ ಕೋಶದಲ್ಲಿದೆ. ಮಗಳ ಕಥೆಯಲ್ಲಿ ಅದೇ ಮಾತು ಮುಖಕ್ಕೆಲ್ಲ ಬೆಲ್ಲ ಮೆತ್ತಿಕೊಂಡು ಕುಳಿತಿದೆ.

ದೊಡ್ಡ ಶಬ್ದಗಳಿಗೆ ಹೆದರಿ ಈ ಪುಸ್ತಕಕ್ಕೆ ಹೋದವನಿಗೆ ಕಲಿತ ಪಾಠವೆಂದರೆ ತೊಡಕಿರುವುದು ಚಿಕ್ಕವುಗಳಲ್ಲಿ ಎಂಬುದು. ತೊಯ್ದ ಪ್ರಾಣಿಗಳನ್ನು ಒಣಗಿಸಲು ಇಲಿಯೊಂದು ತನಗೆ ಗೊತ್ತಿರುವ ಅತ್ಯಂತ ಒಣ ವಿಷಯವನ್ನು ಹೇಳತೊಡಗುತ್ತದೆ. ಯಾವುದದು? ಇಂಗ್ಲೆಂಡಿನ ಚರಿತ್ರೆ, ವಿಲಿಯಂ ದೊರೆ ಗೆದ್ದ ಪ್ರಸಂಗ! ಆ ಭಾಗವನ್ನು ಕ್ಯಾರಲ್ ೧೮೬೨ರಲ್ಲಿ ಬಂದ ಒಂದು ಶಾಲಾ ಚರಿತ್ರೆಯ ಪುಸ್ತಕದಿಂದಲೇ ಎತ್ತಿಕೊಂಡಿದ್ದಾನೆ. ಇಂಗ್ಲಿಷಿನ ‘ಡ್ರೈ’ ಎಂಬ ಮಾತಿನ ಈ ಶ್ಲೇಷೆ ಕನ್ನಡಕ್ಕೆ ಒಂದು ಹನಿಯೂ ಚೆಲ್ಲದೆ ಬರುತ್ತದೆ, ಏಕೆಂದರೆ ನಮ್ಮಲ್ಲೂ ಬಟ್ಟೆ ಒಣ, ಪಾಂಡಿತ್ಯವೂ ಒಣ. ಇಂಥ ಅದೃಷ್ಟ ಅಪರೂಪ. ಅದೇ ಇಲಿಯ ಚರಿತ್ರೆಯಲ್ಲಿ ಯಾರೋ ಒಬ್ಬ ‘ಇಟ್’ ಅನ್ನು ಕಂಡನೆಂದು ಬರುತ್ತದೆ. ಅಲ್ಲಿದ್ದ ಬಾತುಕೋಳಿ ತಡೆಯುತ್ತದೆ: ಇಟ್ ಎಂದರೆ ಏನು? ತನಗೆ ಇಟ್ ಸಿಕ್ಕಿದಾಗಲೆಲ್ಲ ಅದು ಕಪ್ಪೆಯೋ ಹುಳುವೋ ಆಗಿರುತ್ತದೆಂದು ಅದರ ವಾದ. ವ್ಯಾಕರಣದಲ್ಲಿ ಈ ‘ಇಟ್’ ಒಂದು ಖಾಲಿ ಪೀಠ. ಮುಂದೆ ಬರುವ ವಾಕ್ಯಭಾಗಕ್ಕೆ ಜಾಗ ಕಾದಿರಿಸುವುದಷ್ಟೇ ಅದರ ಕೆಲಸ. ಕನ್ನಡದಲ್ಲಿ ಅಂಥ ಪೀಠ ಹಾಕುವ ಪದ್ಧತಿಯೇ ಇಲ್ಲವಾದ್ದರಿಂದ ನಮ್ಮ ಹುಡುಗರು ವರ್ಷಗಟ್ಟಲೆ ಅಲ್ಲಿ ಎಡವುತ್ತಾರೆ. ಮೂರು ಅಂಕಣದ ವ್ಯಾಕರಣ ಸೂತ್ರಕ್ಕಿಂತ ಆ ಬಾತುಕೋಳಿಯ ಪ್ರಶ್ನೆ ನನಗೆ ಹೆಚ್ಚು ಬೆಳಕು ಕೊಟ್ಟಿತು.

ಇಲ್ಲದ ಶಬ್ದಗಳ ವಿಚಾರ ಬೇರೆ. ೧೮೭೧ರ ಕೊನೆಯಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ, ಆಲಿಸ್ ಕನ್ನಡಿಯ ಆಚೆ ದಾಟಿಹೋಗುವ ಕಥೆಯಲ್ಲಿ, ‘ಜಾಬರ್‌ವಾಕಿ’ ಎಂಬ ಒಂದು ಪದ್ಯವಿದೆ. ಅದರ ಮೊದಲ ನಾಲ್ಕು ಸಾಲನ್ನು ಕ್ಯಾರಲ್ ೧೮೫೫ರಲ್ಲೇ ಬರೆದು ಪುರಾತನ ಆಂಗ್ಲೊ–ಸ್ಯಾಕ್ಸನ್ ಕಾವ್ಯದ ತುಣುಕೆಂದು ಮನೆಯವರ ಮುಂದೆ ತಮಾಷೆ ಮಾಡಿದ್ದ. ನನ್ನ ನೋಟುಪುಸ್ತಕದ ಎಡಗಡೆ ಹನ್ನೆರಡು ಹದಿಮೂರು ಶಬ್ದ ಒಟ್ಟಿಗೆ ಬಂದವು, ಬಲಗಡೆ ಖಾಲಿ. ನಿಘಂಟು ಚಿಕ್ಕದಾಯಿತೆಂದು ತಿಳಿದು ದೊಡ್ಡ ನಿಘಂಟು ಹುಡುಕಿಕೊಂಡು ಹೋದೆ. ಆರನೆಯ ಅಧ್ಯಾಯದವರೆಗೆ ತಾಳ್ಮೆಯಿಂದಿದ್ದರೆ ಆಗುತ್ತಿತ್ತು. ಅಲ್ಲಿ ಗೋಡೆಯ ಮೇಲೆ ಕುಳಿತ ಮೊಟ್ಟೆಯಾಕಾರದ ಹಂಪ್ಟಿ ಡಂಪ್ಟಿ, ‘ಸ್ಲೈದಿ’ ಎಂದರೆ ‘ಲೈದ್’ ಮತ್ತು ‘ಸ್ಲೈಮಿ’ ಕೂಡಿದ್ದು, ಬಳುಕುವುದೂ ಹೌದು ಲೋಳೆಯೂ ಹೌದು ಎಂದು ವಿವರಿಸುತ್ತದೆ. ಪೋರ್ಟ್‌ಮ್ಯಾಂಟೊ ಎಂಬ ಎರಡು ಮಡಿಕೆಯ ಪ್ರಯಾಣದ ಪೆಟ್ಟಿಗೆಯ ಹಾಗೆ ಒಂದು ಶಬ್ದದೊಳಗೆ ಎರಡು ಅರ್ಥ ತುಂಬಿದೆ ಎನ್ನುತ್ತದೆ. ಇವತ್ತು ಬೆಂಗಳೂರಿನ ಹೋಟೆಲುಗಳ ಫಲಕದಲ್ಲಿರುವ ‘ಬ್ರಂಚ್’, ದೆಹಲಿಯ ಆಕಾಶದಲ್ಲಿರುವ ‘ಸ್ಮಾಗ್’, ಎಲ್ಲವೂ ಆ ಪೆಟ್ಟಿಗೆಯ ಜಾತಿಯವೇ. ಹಂಪ್ಟಿ ಡಂಪ್ಟಿ ವಿವರಿಸುವುದು ಮೊದಲ ನಾಲ್ಕು ಸಾಲನ್ನು ಮಾತ್ರ. ಉಳಿದವುಗಳಲ್ಲಿ ‘ಚಾರ್ಟ್‌ಲ್’ ಎಂಬುದು, ಸಂತೋಷಕ್ಕೆ ಗಂಟಲೊಳಗೇ ಕುಲುಕಿ ನಗುವುದು, ಇಂಗ್ಲಿಷಿನ ಸಾಮಾನ್ಯ ಶಬ್ದವಾಗಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಸ್ಥಾನ ಪಡೆದಿದೆ. ‘ವೋರ್ಪಲ್’ ಎಂಬುದರ ಅರ್ಥವನ್ನು ಕರ್ತೃವೇ ವಿವರಿಸಲಾರೆನೆಂದು ೧೮೭೭ರಲ್ಲಿ ಒಬ್ಬ ಹುಡುಗಿಗೆ ಕಾಗದ ಬರೆದ. ಈ ಪದ್ಯವನ್ನು ಕೂಡಲೇ, ೧೮೭೨ರಲ್ಲಿ, ಜರ್ಮನ್ ಭಾಷೆಗೆ ತಂದವನು ಯಾರೆಂದುಕೊಂಡಿರಿ? ರಾಬರ್ಟ್ ಸ್ಕಾಟ್, ಲಿಡೆಲ್ ಅಂಡ್ ಸ್ಕಾಟ್‌ನ ಆ ಸ್ಕಾಟ್. ಗ್ರೀಕಿನ ಒಂದೊಂದು ಮಾತಿಗೂ ಪ್ರಮಾಣ ಹುಡುಕಿ ಸುಸ್ತಾದ ವಿದ್ವಾಂಸನಿಗೆ ಯಾವ ಪ್ರಮಾಣವೂ ಬೇಡದ ಶಬ್ದಗಳು ಸಿಕ್ಕಿದಾಗ ಎಷ್ಟು ಹಗುರಾಗಿರಬೇಕು!

ಮಕ್ಕಳಿಗೂ ಪರಭಾಷೆಯವರಿಗೂ ಇಂಥ ಪುಸ್ತಕವನ್ನು ಇದ್ದ ಹಾಗೆಯೇ ಕೊಡುವುದೋ, ಶಬ್ದ ತೂಗಿ ಕೊಡುವುದೋ ಎಂಬ ಚರ್ಚೆ ಹಳೆಯದು. ೧೯೦೫ರಲ್ಲಿ ಅಮೆರಿಕದಲ್ಲಿ ಮಿಸೆಸ್ ಗೋರಮ್ ಎಂಬಾಕೆ ‘ಆಲಿಸ್’ ಕಥೆಯನ್ನು ಬರಿಯ ಒಂದೇ ಉಚ್ಚಾರಾಂಶದ ಶಬ್ದಗಳಲ್ಲಿ ಬರೆದಳು. ಆಲಿಸ್ ಎಂಬ ಹೆಸರಿನಲ್ಲೇ ಎರಡಿವೆ ಎಂಬುದನ್ನು ನೆನೆದರೆ ಈ ಪ್ರತಿಜ್ಞೆಯ ಕಷ್ಟ ತಿಳಿದೀತು. ನಮ್ಮ ದೇಶದಲ್ಲಿ ಈ ವಿಷಯವನ್ನು ನಿಷ್ಠೆಯಿಂದ ಹಿಡಿದವನು ಮೈಕೇಲ್ ವೆಸ್ಟ್. ಢಾಕಾದ ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿದ್ದ ಇವನು ಬಂಗಾಳಿ ಮಕ್ಕಳ ಇಂಗ್ಲಿಷ್ ಪುಸ್ತಕಗಳನ್ನು ಪರೀಕ್ಷಿಸಿ, ಹೊಸ ಶಬ್ದಗಳು ಉಸಿರಾಡಲೂ ಬಿಡದ ಹಾಗೆ ಒತ್ತಾಗಿ ಬರುತ್ತವೆ, ಅವೂ ಯಾರೂ ಆಡದ ಪುಸ್ತಕದ ಶಬ್ದಗಳು ಎಂದು ಕಂಡುಕೊಂಡ. ಅವನ ಗ್ರಂಥ ಬಂದದ್ದು ೧೯೨೬ರಲ್ಲಿ. ‘ಐಲ್’ ಇದ್ದ ಕಡೆ ‘ಐಲೆಂಡ್’, ‘ಏರ್’ ಎಂಬ ಹಳೆಯ ಕಾವ್ಯದ ಮಾತಿದ್ದ ಕಡೆ ‘ಬಿಫೋರ್’, ಹೀಗೆ ಬದಲಿಸುತ್ತ, ಹೊಸ ಶಬ್ದವನ್ನು ವಿರಳವಾಗಿ ತಂದು ಮತ್ತೆ ಮತ್ತೆ ಬಳಸುತ್ತ ಅವನು ವಾಚನಮಾಲೆ ಸಿದ್ಧಮಾಡಿದ. ೧೯೫೩ರಲ್ಲಿ ಅವನು ಹೊರತಂದ ಸುಮಾರು ೨೦೦೦ ಶಬ್ದಗಳ ಪಟ್ಟಿಯನ್ನು ಅನುಸರಿಸಿ ಎಷ್ಟೋ ಕಾದಂಬರಿಗಳು ಸರಳವಾದವು.

ವೆಸ್ಟನ ಕರುಣೆ ದೊಡ್ಡದು. ಹಳ್ಳಿಯ ಮಗುವಿನ ಬವಣೆಯನ್ನು ಕಂಡು ಮಾಡಿದ ಕೆಲಸ ಅದು. ‘ರಾಬಿನ್‌ಸನ್ ಕ್ರೂಸೊ’ವನ್ನು ಹಾಗೆ ಸರಳಗೊಳಿಸಿದರೆ ದ್ವೀಪ, ದೋಣಿ, ಹೆಜ್ಜೆಗುರುತು ಎಲ್ಲ ಉಳಿಯುತ್ತವೆ. ‘ಆಲಿಸ್’ನಲ್ಲಿ ಮಾತ್ರ ಉಪಾಯವಿಲ್ಲ. ಕಷ್ಟದ ಶಬ್ದ ತೆಗೆದರೆ ‘ಆಂಟಿಪಥೀಸ್’ ಹೋಯಿತು, ಅದರೊಡನೆ ಅವಳ ಪೆದ್ದುತನ ಹೋಯಿತು, ಅದರೊಡನೆ ನಮಗೆ ಸಿಕ್ಕಿದ್ದ ಧೈರ್ಯವೂ ಹೋಯಿತು. ನನ್ನನ್ನು ಕೇಳಿದರೆ ಅರ್ಧ ತಿಳಿಯದೆ ಓದಿದರೂ ಚಿಂತೆಯಿಲ್ಲ, ಇದ್ದದ್ದನ್ನು ಇದ್ದಂತೆ ಓದಬೇಕು.

ಶಬ್ದಕ್ಕೆ ಅರ್ಥ ಕೊಡುವ ಅಧಿಕಾರ ಯಾರದು ಎಂಬುದು ಮಕ್ಕಳ ಆಟವಾಗಿ ಮಾತ್ರ ಉಳಿಯಲಿಲ್ಲ. ಹಂಪ್ಟಿ ಡಂಪ್ಟಿ ಕೀರ್ತಿ ಎಂಬರ್ಥದ ‘ಗ್ಲೋರಿ’ಗೆ ವಾದದಲ್ಲಿ ಎದುರಾಳಿಯನ್ನು ಕೆಡಹುವುದೆಂಬ ಅರ್ಥ ಹಚ್ಚುತ್ತದೆ, ಆಲಿಸ್ ಆಕ್ಷೇಪಿಸಿದರೆ, ಶಬ್ದಕ್ಕೆ ಯಜಮಾನ ಯಾರೆಂಬುದಷ್ಟೇ ಪ್ರಶ್ನೆ ಎಂದು ಬಾಯಿ ಮುಚ್ಚಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಒಂದು ನಿಯಮವಿತ್ತು. ಒಬ್ಬ ಮನುಷ್ಯ ಶತ್ರುಗಳ ಸಂಬಂಧದವನೆಂದು ನಂಬಲು ಯುಕ್ತ ಕಾರಣವಿದ್ದರೆ ಗೃಹಮಂತ್ರಿ ಅವನನ್ನು ವಿಚಾರಣೆಯಿಲ್ಲದೆ ಬಂಧಿಸಬಹುದು. ೧೯೪೦ರಲ್ಲಿ ರಾಬರ್ಟ್ ಲಿವರ್ಸಿಜ್ ಎಂಬವನನ್ನು ಹೀಗೆ ಬಂಧಿಸಿದರು. ಕಾರಣವೇನೆಂದು ಅವನು ನ್ಯಾಯಾಲಯದಲ್ಲಿ ಕೇಳಿದ. ೧೯೪೧ರ ನವೆಂಬರ್ ೩ರಂದು ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರಲ್ಲಿ ನಾಲ್ವರು, ಮಂತ್ರಿ ತನಗೆ ಕಾರಣವಿದೆಯೆಂದು ನಂಬಿದರೆ ಸಾಕು, ಕಾರಣವನ್ನು ನ್ಯಾಯಾಲಯ ನೋಡಬೇಕಾಗಿಲ್ಲ ಎಂದರು. ಲಾರ್ಡ್ ಆಟ್ಕಿನ್ ಒಬ್ಬನೇ ಒಪ್ಪಲಿಲ್ಲ. ಕಾರಣವಿದೆ ಎಂಬುದಕ್ಕೂ, ಇದೆ ಎಂದು ಒಬ್ಬ ಭಾವಿಸುತ್ತಾನೆ ಎಂಬುದಕ್ಕೂ ವ್ಯತ್ಯಾಸವಿಲ್ಲವೆ? ಕಾಲು ಮುರಿದಿದೆ ಎಂಬುದೂ, ಮುರಿದಿದೆಯೆಂದು ಒಬ್ಬ ಅಂದುಕೊಂಡಿದ್ದಾನೆ ಎಂಬುದೂ ಒಂದೆಯೆ? ಇಂಥ ಅರ್ಥೈಸುವಿಕೆಗೆ ತನಗೆ ಕಂಡ ಒಂದೇ ಪ್ರಮಾಣ ಹಂಪ್ಟಿ ಡಂಪ್ಟಿಯದು ಎಂದು ತೀರ್ಪಿನಲ್ಲಿ ಬರೆದ. ಆ ಉಲ್ಲೇಖವನ್ನು ಕೈಬಿಡಬೇಕೆಂದು ಲಾರ್ಡ್ ಚಾನ್ಸಲರ್ ಸೈಮನ್ ಮೊದಲೇ ಕೇಳಿಕೊಂಡಿದ್ದ, ಆಟ್ಕಿನ್ ಬಿಡಲಿಲ್ಲ. ಜೊತೆಯ ನ್ಯಾಯಾಧೀಶರು ಮುನಿದರು. ಹಲವು ದಶಕ ಕಳೆದ ಮೇಲೆ, ೧೯೭೯ರಲ್ಲಿ, ಅದೇ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಲಾರ್ಡ್ ಡಿಪ್‌ಲಾಕ್ ಆ ನಾಲ್ವರು ತಪ್ಪಿದ್ದರೆಂದು ಒಪ್ಪಿಕೊಂಡ. ನಮ್ಮಲ್ಲೂ ತುರ್ತುಪರಿಸ್ಥಿತಿಯ ಕಾಲದ ಬಂಧನಗಳ ಮೊಕದ್ದಮೆಯಲ್ಲಿ, ೧೯೭೬ರಲ್ಲಿ, ಲೆಕ್ಕ ಹಾಗೆಯೇ ಬಿತ್ತು: ನಾಲ್ವರು ಒಂದು ಕಡೆ, ಎಚ್. ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಒಣ ವಿಷಯವಾಯಿತೆಂದು ವಾಚಕರು ಇಲಿಯನ್ನು ನೆನೆಯಬಾರದು. ಒಂದು ಶಬ್ದದ ಅರ್ಥ ಎರಡು ಬೆರಳು ಸರಿದದ್ದಕ್ಕೆ ಮನುಷ್ಯರು ಸೆರೆಯಲ್ಲಿ ಉಳಿದರು.

೧೮೯೮ರ ಜನವರಿ ೧೪ರಂದು ಡಾಡ್ಜ್‌ಸನ್ ತೀರಿಕೊಂಡ. ನಾಲ್ಕೇ ದಿನಕ್ಕೆ, ೧೮ರಂದು, ಲಿಡೆಲ್ ಹೋದ. ಅವರಿಬ್ಬರ ನಡುವೆ ಸ್ನೇಹವೇನೂ ಗಾಢವಾಗಿರಲಿಲ್ಲ. ಕಾಲೇಜಿನ ಕಟ್ಟಡ, ಆಡಳಿತ ಮುಂತಾದವುಗಳ ಬಗ್ಗೆ ಗಣಿತದ ಮೇಷ್ಟರು ಡೀನನನ್ನು ಗೇಲಿಮಾಡಿ ಕರಪತ್ರ ಬರೆದದ್ದುಂಟು. ಆಲಿಸ್ ಬಹಳ ಕಾಲ ಬದುಕಿದಳು. ಗಂಡ ತೀರಿಕೊಂಡ ಮೇಲೆ ೧೯೨೮ರಲ್ಲಿ ಆ ಕೈಬರಹದ ಪ್ರತಿಯನ್ನು ಹರಾಜಿಗಿಟ್ಟಳು. ೧೫,೪೦೦ ಪೌಂಡಿಗೆ ಹೋಯಿತು. ೧೯೩೨ರಲ್ಲಿ, ಕ್ಯಾರಲ್ ಹುಟ್ಟಿ ನೂರು ವರ್ಷವಾದಾಗ, ಎಂಬತ್ತರ ಮುದುಕಿಯಾದ ಅವಳಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟು ಕೊಟ್ಟಿತು. ಅಪ್ಪ ಐವತ್ತು ವರ್ಷ ಶಬ್ದ ತಿದ್ದಿದ್ದಕ್ಕಲ್ಲ, ಮಗಳು ಒಂದು ಮಧ್ಯಾಹ್ನ ಕಥೆ ಕೇಳಿದ್ದಕ್ಕೆ!

ಈ ಪುಸ್ತಕ ಕನ್ನಡಕ್ಕೆ ಬಂದ ಬಗೆಯನ್ನು ಹೇಳದಿದ್ದರೆ ತಪ್ಪಾದೀತು. ತಂದವರು ನಾ. ಕಸ್ತೂರಿಯವರು. ೧೮೯೭ರಲ್ಲಿ ಕೇರಳದ ತ್ರಿಪ್ಪೂಣಿತ್ತುರದಲ್ಲಿ ಹುಟ್ಟಿದ ಅವರ ಮನೆಮಾತು ಮಲಯಾಳ. ಮೈಸೂರಿಗೆ ಚರಿತ್ರೆ ಹೇಳಲ್ಪಟ್ಟ ಅಧ್ಯಾಪಕರಾಗಿ ಬಂದು, ಬೆಳೆದ ಮೇಲೆ ಕನ್ನಡ ಕಲಿತು, ಕನ್ನಡಿಗರನ್ನು ಕನ್ನಡದಲ್ಲೇ ನಗಿಸಿದರು. ‘ಕೊರವಂಜಿ’ಯ ಓದುಗರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ‘ಆಲಿಸ್’ ಅವರ ಕೈಯಲ್ಲಿ ‘ಪಾತಾಳದಲ್ಲಿ ಪಾಪಚ್ಚಿ’ ಆದಳು. ಆಲಿಸ್ ಎಂಬ ಹೆಸರನ್ನು ಹಾಗೆಯೇ ಇಟ್ಟಿದ್ದರೆ ಅವಳು ಅತಿಥಿಯಾಗಿಯೇ ಉಳಿಯುತ್ತಿದ್ದಳು. ಪಾಪಚ್ಚಿ ಎಂದ ಕೂಡಲೇ ನಮ್ಮ ಮನೆಯ ಹಜಾರದಲ್ಲಿ ಓಡಾಡುವ ಮಗುವಾದಳು. ಇದೇ ಕಸ್ತೂರಿಯವರು ‘ಅನರ್ಥಕೋಶ’ ಎಂಬ ನಿಘಂಟನ್ನೂ ಬರೆದರು: ಬಳಕೆಯ ಶಬ್ದಗಳಿಗೆ ಬೇಕೆಂದೇ ಅಡ್ಡ ಅರ್ಥ ಕೊಡುತ್ತ ಹೋಗುವ ಪುಸ್ತಕ. ಆಲಿಸಳನ್ನೂ ಕರೆತಂದು ನಿಘಂಟನ್ನೂ ತಲೆಕೆಳಗು ಮಾಡಿದ್ದು ಒಬ್ಬರೇ ಎಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಪರಭಾಷೆಯನ್ನು ದೊಡ್ಡವರಾದ ಮೇಲೆ ಕಲಿತವರಿಗೆ ಅದರ ಶಬ್ದಗಳ ಹೊಲಿಗೆ ಎಲ್ಲೆಲ್ಲಿ ಸಡಿಲವಿದೆಯೆಂದು ಹುಟ್ಟಾ ಬಲ್ಲವರಿಗಿಂತ ಚೆನ್ನಾಗಿ ಕಾಣುತ್ತದೆ.

‘ಪಾಪಚ್ಚಿ’ ನನ್ನ ಕೈಗೆ ಸಿಕ್ಕಿದ್ದು ಇಂಗ್ಲಿಷಿನ ‘ಆಲಿಸ್’ ಓದಿ ಎಷ್ಟೋ ವರ್ಷಗಳಾದ ಮೇಲೆ. ನೋಟುಪುಸ್ತಕ ಇನ್ನೂ ಇದೆ. ‘ಕಾಂಫಿಟ್’ನ ಎದುರು ಮಿಠಾಯಿ ಎಂಬುದನ್ನು ಹೊಡೆದುಹಾಕಿ ಜೀರಿಗೆ ಪೆಪ್ಪರ್‌ಮೆಂಟು ಎಂದು ತಿದ್ದಿದ್ದೇನೆ; ‘ಟ್ರೀಕಲ್’ ಇರುವ ಸಾಲಿನಲ್ಲಿ ಜಾಗ ಸಾಲದೆ ಅಂಚಿನಲ್ಲೆಲ್ಲ ಬರೆಯಬೇಕಾಯಿತು. ‘ವೋರ್ಪಲ್’ ಎದುರಿನ ಜಾಗ ಹಾಗೆಯೇ ಖಾಲಿ ಬಿಟ್ಟಿದ್ದೇನೆ.